ಮದ್ದಿನ ಹೊತ್ತು ಮತ್ತು ಆರೈಕೆದಾರರ ಭೇಟಿ

ಕನ್ನಡದ ಆಡುಮಾತಿನಲ್ಲಿ ‘ಹೊತ್ತು’ ಕಾಲವನ್ನೂ ಊಟವನ್ನೂ ಒಟ್ಟಿಗೆ ಸೂಚಿಸುವ ಪದ. ಒಪ್ಪೊತ್ತು ಎಂದರೆ ದಿನಕ್ಕೊಂದೇ ಊಟ. ಮೂರು ಹೊತ್ತಿನ ಮದ್ದು ಎಂದರೆ ಊಟದ ಜೊತೆಗೆ ಸಾಗುವ ಮದ್ದು. ಅದನ್ನು ಕೊಡುವ ಕೈ ಮನೆಯಲ್ಲಿಯೇ ಇರುತ್ತದೆಂಬ ಗ್ರಹಿಕೆ ಈ ಮಾತಿನೊಳಗೆ ಅಡಗಿದೆ. ಆ ಕೈ ಹೊರಗಿನಿಂದ ಬರಬೇಕಾದಾಗ ಹೊತ್ತಿನ ಲೆಕ್ಕವೇ ಬದಲಾಗುತ್ತದೆ. ಇಂಗ್ಲೆಂಡಿನ ಗೃಹ ಆರೈಕೆ ಇದಕ್ಕೊಂದು ನಿದರ್ಶನ.

ಅಲ್ಲಿ ಒಂಟಿಯಾಗಿ ಬಾಳುವ, ಮರೆವು ಕವಿದ ವೃದ್ಧರ ಮನೆಗೆ ಸಂಬಳದ ಆರೈಕೆದಾರರು ದಿನಕ್ಕೆ ನಾಲ್ಕು ಬಾರಿಯವರೆಗೂ ಬರುವುದುಂಟು. ಕೆಲವು ಭೇಟಿಗಳ ಉದ್ದೇಶ ಗುಳಿಗೆ ಕೊಟ್ಟು ದಾಖಲೆಯಲ್ಲಿ ಗುರುತು ಹಾಕುವುದಷ್ಟೇ. ಕೊಲೆಸ್ಟರಾಲಿನ ಸಿಮ್ವಾಸ್ಟಾಟಿನ್ ರಾತ್ರಿಯ ಮದ್ದು. ಅಟೋರ್ವಾಸ್ಟಾಟಿನ್ ಯಾವ ಹೊತ್ತಿಗಾದರೂ ಸಲ್ಲುತ್ತದೆ. ವೈದ್ಯರ ಒಪ್ಪಿಗೆಯಿಂದ ಮೊದಲನೆಯದರ ಬದಲು ಎರಡನೆಯದನ್ನು ಬೆಳಗಿಗೆ ಕೊಟ್ಟರೆ, ಬೇರೆ ಕೆಲಸವಿಲ್ಲದ ರಾತ್ರಿಯ ಭೇಟಿ ಅನಗತ್ಯವಾಗಬಹುದು. ದಿನಕ್ಕೆ ಮೂರು ಸಲದ ಗುಳಿಗೆಗೆ ಬದಲಾಗಿ ನಿಧಾನವಾಗಿ ಕರಗುವ ಒಂದೇ ಗುಳಿಗೆ ಕೊಡುವುದೂ ಉಂಟು. ಆದರೆ ನುಂಗಲಾರದವರಿಗೆಂದು ಅದನ್ನು ಪುಡಿ ಮಾಡುವಂತಿಲ್ಲ. ಪಾರ್ಕಿನ್ಸನ್ ರೋಗದ ಲೆವೊಡೋಪಾ ಈ ಹೊಂದಾಣಿಕೆಗೆ ಒಗ್ಗುವುದಿಲ್ಲ. ಅದು ತಡವಾದರೆ ರೋಗಿಯ ಚಲನೆಯೇ ಕುಂಠಿತವಾದೀತು.

ಇಂಥ ಬದಲಾವಣೆಗೆ ಮೊದಲು ಕೇಳಬೇಕಾದ ಪ್ರಶ್ನೆಯೆಂದರೆ ಆ ಮದ್ದು ಇನ್ನೂ ಬೇಕೇ ಎಂಬುದು. ಇಂಗ್ಲೆಂಡಿನ ಪ್ರಾಥಮಿಕ ಆರೋಗ್ಯ ಜಾಲಗಳಲ್ಲಿ 2020ರಿಂದ ಔಷಧಗಳ ಕ್ರಮಬದ್ಧ ಪರಿಶೀಲನೆ ನಡೆಯುತ್ತಿದ್ದು, ಅದರಲ್ಲಿ ಔಷಧತಜ್ಞರ ಪಾತ್ರ ದೊಡ್ಡದು. ಪ್ರಾಥಮಿಕ ಆರೈಕೆಯಲ್ಲಿ ವಿತರಣೆಯಾಗುವ ಔಷಧಗಳಲ್ಲಿ ಸುಮಾರು ಶೇ. 10ರಷ್ಟು ರೋಗಿಯ ಸ್ಥಿತಿಗೋ ಇಚ್ಛೆಗೋ ಹೊಂದದವು, ಇಲ್ಲವೆ ಬೇರೆ ಚಿಕಿತ್ಸೆಯೇ ಮೇಲೆನಿಸುವಂಥವು ಎಂದು 2021ರ ಸರ್ಕಾರಿ ವರದಿ ಅಂದಾಜಿಸಿತು.

ಆದರೆ ಗುಳಿಗೆ ನಿಂತರೆ ಭೇಟಿಯೂ ನಿಲ್ಲಬೇಕೆಂಬ ತರ್ಕ ಆಡಳಿತದ್ದೇ ಹೊರತು ಆರೈಕೆಯದಲ್ಲ. ಗುಳಿಗೆ ಕೊಡಲು ಬಂದವರೇ ನಿನ್ನೆಯ ಊಟ ತಟ್ಟೆಯಲ್ಲೇ ಉಳಿದಿರುವುದನ್ನೂ ಕಾಲು ಊದಿರುವುದನ್ನೂ ಕಾಣುವವರು. ಕೆಲವರಿಗೆ ದಿನದಲ್ಲಿ ಮಾತನಾಡಲು ಸಿಗುವ ಮನುಷ್ಯರೂ ಅವರೊಬ್ಬರೇ. ಅರ್ಧ ಗಂಟೆಗಿಂತ ಚಿಕ್ಕ ಭೇಟಿಗಳನ್ನು ಕೆಲವು ಷರತ್ತುಗಳ ಮೇಲೆ ಮಾತ್ರ ಇಟ್ಟುಕೊಳ್ಳಬೇಕೆಂದು ನೈಸ್ ಸಂಸ್ಥೆಯ 2015ರ ಮಾರ್ಗಸೂಚಿ ಹೇಳುವುದು ಗಮನಾರ್ಹ. ಪರಿಚಿತ ಆರೈಕೆದಾರರೇ ಬರಬೇಕೆಂಬುದು ಅವುಗಳಲ್ಲೊಂದು.

ಪರಿಶೀಲನೆಯಲ್ಲಿ ಆರೈಕೆದಾರರ ಅನುಭವಜನ್ಯ ತಿಳಿವಿಗೆ ಸಲ್ಲಬೇಕಾದ ಸ್ಥಾನ ಸಲ್ಲದಿರುವುದು ಕೊರತೆಯೇ ಸರಿ. ಯಾವ ಗುಳಿಗೆಯನ್ನು ವೃದ್ಧರು ಉಗುಳುತ್ತಾರೆ, ಯಾವುದನ್ನು ದಿಂಬಿನಡಿ ಬಚ್ಚಿಡುತ್ತಾರೆ ಎಂಬುದು ಔಷಧಚೀಟಿಯಲ್ಲಿ ಕಾಣುವುದಿಲ್ಲ. ಮದ್ದು ಬದಲಾದ ಮೇಲೆ ನೋವು, ನಿದ್ದೆ, ತಲೆಸುತ್ತುಗಳನ್ನು ಕೆಲವು ವಾರ ಗಮನಿಸಬೇಕಾದವರೂ ಇವರೇ ಆದ್ದರಿಂದ, ಭೇಟಿಯನ್ನು ಅದೇ ದಿನ ಕಡಿತಗೊಳಿಸಿದರೆ ಆ ಗಮನಿಕೆಗೂ ಅವಕಾಶ ಉಳಿಯುವುದಿಲ್ಲ.