ಗಾರೆಯಿಲ್ಲದ ಗೋಡೆ, ಕಡಲ ಗಾಳಿಯ ವೈನ್

ನಾನು ವೈನ್ ಕುಡಿಯುವವಳಲ್ಲ. ನಮ್ಮದು ಶಿರಸಿ ಕಡೆಯ ಅಡಿಕೆ ತೋಟದ ಮನೆ. ಅಲ್ಲಿ ನೆಂಟರಿಗೆ ಪಾನಕ, ಮಜ್ಜಿಗೆ, ಹೆಚ್ಚೆಂದರೆ ಕಷಾಯ. ಹಾಗಾಗಿ ಮಿಲಾನ್‌ನಲ್ಲಿರುವ ಮಗಳು, "ಅಮ್ಮಾ, ಈ ಸಲ ಸಮುದ್ರದ ಪಕ್ಕದ ದ್ರಾಕ್ಷಿ ತೋಟ ನೋಡ್ಲಿಕ್ಕೆ ಹೋಗೋಣ" ಅಂದಾಗ, "ಹೆಂಡದಂಗಡಿ ನೋಡೋಕೆ ಅಷ್ಟು ದೂರ ಯಾಕೆ ಮಾರಾಯ್ತಿ?" ಅಂತ ನಕ್ಕಿದ್ದೆ. ಹೋಗಿ ಬಂದ ಮೇಲೆ ನಗು ಬರಲಿಲ್ಲ.

ನಾವು ಹೋಗಿದ್ದು ಇಟಲಿಯ ವಾಯವ್ಯ ಕರಾವಳಿಯ ಲಿಗೂರಿಯಾ ಪ್ರಾಂತಕ್ಕೆ, ಚಿಂಕ್ವೆ ತೆರ್ರೆ ಎಂಬಲ್ಲಿಗೆ. ಹೆಸರಿನ ಅರ್ಥ 'ಐದು ನೆಲ'. ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲಿಯಾ, ಮನರೋಲಾ, ರಿಯೊಮಜ್ಜೋರೆ ಎಂಬ ಐದು ಪುಟ್ಟ ಊರುಗಳು. ಬಣ್ಣ ಬಣ್ಣದ ಮನೆಗಳು ಬಂಡೆಗೆ ಅಂಟಿಕೊಂಡಂತಿರುವ ಆ ಫೋಟೊವನ್ನು ನೀವೂ ಮೊಬೈಲಿನಲ್ಲಿ ನೋಡಿಯೇ ಇರುತ್ತೀರಿ. ಎಲ್ಲರೂ ಮನೆಗಳ ಫೋಟೊ ತೆಗೆಯುತ್ತಾರೆ. ನನ್ನ ಕಣ್ಣು ಹೋದದ್ದು ಮನೆಗಳ ಮೇಲ್ಗಡೆ ಇರುವ ಗುಡ್ಡಕ್ಕೆ.

ಗುಡ್ಡವನ್ನು ಹಿಡಿದು ನಿಲ್ಲಿಸಿದವರು

ಗುಡ್ಡ ಅಂದರೆ ಸಮುದ್ರಕ್ಕೆ ನೇರ ಇಳಿಜಾರು. ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಪ್ರತಿ ಮೆಟ್ಟಿಲಿಗೂ ಕಲ್ಲಿನ ಕಟ್ಟೆ ಕಟ್ಟಿ, ಒಳಗೆ ಮಣ್ಣು ತುಂಬಿದ್ದಾರೆ. ಗಾರೆ ಇಲ್ಲ, ಸಿಮೆಂಟ್ ಇಲ್ಲ. ಕಲ್ಲಿಗೆ ಕಲ್ಲು ಕೂರಿಸಿದ್ದು ಅಷ್ಟೇ. ಸುಮಾರು ಸಾವಿರ ವರ್ಷಗಳಿಂದ ತಲೆಮಾರು ತಲೆಮಾರು ಕಟ್ಟಿಕೊಂಡು ಬಂದದ್ದು. 1997ರಲ್ಲಿ ಯುನೆಸ್ಕೊ ಈ ಜಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1999ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಗಾರೆಯಿಲ್ಲದೆ ಗೋಡೆ ಕಟ್ಟುವ ಕಲೆಗೂ 2018ರಲ್ಲಿ ಇಟಲಿ ಸೇರಿ ಯುರೋಪಿನ ಹಲವು ದೇಶಗಳ ಹೆಸರಿನಲ್ಲಿ ಯುನೆಸ್ಕೊ ಮನ್ನಣೆ ಸಿಕ್ಕಿತು.

ನಮಗೆ ತೋಟ ತೋರಿಸಿದವರು ಎಪ್ಪತ್ತು ದಾಟಿದ ಅಜ್ಜ. ಮಗಳು ಅವರ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದಳು. "ಗಾರೆ ಯಾಕೆ ಹಾಕೋದಿಲ್ಲ ಕೇಳು" ಅಂದೆ. "ಗಾರೆ ಹಾಕಿದ್ರೆ ಮಳೆನೀರು ಒಳಗೇ ನಿಲ್ಲುತ್ತೆ, ಗೋಡೆಯನ್ನೇ ನೂಕುತ್ತೆ. ಸಂದು ಇದ್ರೆ ನೀರು ಸೋರಿ ಹೋಗುತ್ತೆ" ಅಂದರಂತೆ. ನಮ್ಮ ಅಪ್ಪಯ್ಯ ತೋಟದ ಕಟ್ಟೆ ಕಟ್ಟಿಸುವಾಗ ಆಳುಗಳಿಗೆ ಹೇಳುತ್ತಿದ್ದ ಮಾತೂ ಇದೇ.

ಬಳ್ಳಿಗಳನ್ನು ಇಲ್ಲಿ ತಗ್ಗಾದ ಚಪ್ಪರಕ್ಕೆ ಹಬ್ಬಿಸುತ್ತಾರೆ. ಕಡಲ ಗಾಳಿಯ ಹೊಡೆತ ತಪ್ಪಿಸಲು ಇದು ಅನುಕೂಲ, ಆದರೆ ಕೊಯ್ಯುವವರ ಸೊಂಟದ ಗತಿ ದೇವರೇ ಬಲ್ಲ! ಸೆಪ್ಟೆಂಬರ್ ಕೊಯ್ಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ಬಗ್ಗಿ, ತೆವಳಿ ಗೊನೆ ಕತ್ತರಿಸುತ್ತಾರೆ. ಟ್ರ್ಯಾಕ್ಟರ್ ಬರುವ ಮಾತೇ ಇಲ್ಲ. ಹಿಂದೆಲ್ಲ ಬುಟ್ಟಿ ಹೊತ್ತೇ ಇಳಿಸಬೇಕಿತ್ತು. ಈಗ ಕೆಲವು ಕಡೆ ಒಂಟಿ ಹಳಿಯ ಮೇಲೆ ಹಲ್ಲುಚಕ್ರದಲ್ಲಿ ಹತ್ತಿಳಿಯುವ ಆಟಿಕೆಯಂಥ ಪುಟ್ಟ ಬಂಡಿಯಿದೆ. ಅದನ್ನು 'ಟ್ರೆನೀನೊ' ಅನ್ನುತ್ತಾರೆ, ಪುಟ್ಟ ರೈಲು ಅಂತ.

ಎಲ್ಲರದೂ ಸೇರಿ ಒಂದು ಬಾಟಲಿ

ವೈನ್ ಎಸ್ಟೇಟ್ ಅಂದಾಗ ನಾನು ದೊಡ್ಡ ಬಂಗಲೆ, ಗೇಟು, ಯಜಮಾನ ಅಂತೆಲ್ಲ ಅಂದುಕೊಂಡಿದ್ದೆ. ಇಲ್ಲಿ ಅದ್ಯಾವುದೂ ಇಲ್ಲ. ಒಬ್ಬೊಬ್ಬರದೂ ಅಂಗೈಯಗಲದ ತಾಕುಗಳು, ಅವೂ ಅಲ್ಲೊಂದು ಇಲ್ಲೊಂದು. ಹೆಚ್ಚಿನವರು ದ್ರಾಕ್ಷಿಯನ್ನು ಮನರೋಲಾದ ಮೇಲ್ಗಡೆ ಗ್ರೊಪ್ಪೊ ಎಂಬಲ್ಲಿರುವ ಸಹಕಾರಿ ಸಂಘಕ್ಕೆ ಹಾಕುತ್ತಾರೆ. ಅಡಿಕೆ ಸೊಸೈಟಿ ನೋಡಿ ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಬೋಸ್ಕೊ, ಅಲ್ಬರೋಲಾ, ವೆರ್ಮೆಂತೀನೊ ಎಂಬ ಮೂರು ಬಿಳಿ ದ್ರಾಕ್ಷಿ ಸೇರಿದರೆ ಚಿಂಕ್ವೆ ತೆರ್ರೆ ವೈನ್. ಅದರಲ್ಲಿ ಬೋಸ್ಕೊ ಮುಖ್ಯ, ಕನಿಷ್ಠ ನೂರಕ್ಕೆ 40 ಪಾಲು ಇರಲೇಬೇಕು. 1973ರಲ್ಲಿ ಇದಕ್ಕೆ ಡಿಒಸಿ ಮಾನ್ಯತೆ ಸಿಕ್ಕಿತು. ನಮ್ಮ ಶಿರಸಿ ಅಡಿಕೆಗೆ ಜಿಐ ಟ್ಯಾಗ್ ಇದೆಯಲ್ಲ, ಹೆಚ್ಚುಕಡಿಮೆ ಹಾಗೆ.

ಇದೇ ದ್ರಾಕ್ಷಿಯಿಂದ 'ಶಾಕ್ಕೆತ್ರಾ' ಎಂಬ ಸಿಹಿ ವೈನ್ ಕೂಡ ಮಾಡುತ್ತಾರೆ. ಆಯ್ದ ಗೊನೆಗಳನ್ನು ನೆರಳಲ್ಲಿ, ಗಾಳಿಯಾಡುವ ಕಡೆ ವಾರಗಟ್ಟಲೆ ಒಣಗಿಸಿ, ನವೆಂಬರ್ ಬಂದ ಮೇಲೇ ಹಿಂಡುವುದು. ರಸ ಸಿಗುವುದು ಹಣ್ಣಿನ ತೂಕದ ಮೂರನೇ ಒಂದು ಪಾಲಿನಷ್ಟು. ಅದಕ್ಕೇ ಬೆಲೆ ಜಾಸ್ತಿ. ಮನೆಯಲ್ಲಿ ಮದುವೆ, ಮಗುವಿನ ದೀಕ್ಷಾಸ್ನಾನ ಅಂತ ವಿಶೇಷ ದಿನಗಳಿಗೆ ಎತ್ತಿಡುವ ಬಾಟಲಿ ಅದು.

ಅಳಿಯ ಗ್ಲಾಸಿನ ತಳದಲ್ಲಿ ಚೂರೇ ಚೂರು ಬಿಳಿ ವೈನ್ ಬಗ್ಗಿಸಿ, "ಅತ್ತೆ, ಒತ್ತಾಯ ಇಲ್ಲ. ವಾಸನೆಯಾದರೂ ನೋಡಿ" ಅಂದ. ನೋಡಿದೆ. ಒಣಹುಲ್ಲಿನ ಬಣ್ಣ. ನಿಂಬೆ ಸಿಪ್ಪೆಯ, ಕಾಡುಸೊಪ್ಪಿನ ಪರಿಮಳ. ನಾಲಿಗೆಗೆ ತಾಗಿಸಿದರೆ ಚುರುಕಾದ ಹುಳಿ, ಕೊನೆಯಲ್ಲಿ ಎಲ್ಲೋ ಒಂದು ಉಪ್ಪಿನ ನೆನಪು. ಮೊಂತೆರೊಸ್ಸೊದ ಮೀನಿನ ಜೊತೆ ಚೆನ್ನಾಗಿರುತ್ತದಂತೆ. ತುಳಸಿ ಜಾತಿಯ ಸೊಪ್ಪಿನ ಪೆಸ್ತೊ ಕೂಡ ಇದೆ, ಅದೂ ಇದೇ ಲಿಗೂರಿಯಾದ್ದೇ. ಈ ಬಿಳಿ ವೈನನ್ನು ತಣ್ಣಗೆ, ಹೊಸದಿದ್ದಾಗಲೇ ಕುಡಿಯಬೇಕು, ವರ್ಷಗಟ್ಟಲೆ ಇಡಬಾರದು ಎಂದು ಅಳಿಯ ಪಾಠ ಮಾಡಿದ.

ಕಟ್ಟೆ ಬಿಟ್ಟರೆ

ಅಜ್ಜ ಪಕ್ಕದ ಇಳಿಜಾರನ್ನು ತೋರಿಸಿದರು. ಬರೀ ಪೊದೆ. ಒಳಗೆ ಇಣುಕಿದರೆ ಹೊಟ್ಟೆ ಉಬ್ಬಿದ ಗೋಡೆಗಳು, ಜರಿದ ಕಲ್ಲುಗಳು. ಮಕ್ಕಳು ಪಟ್ಟಣ ಸೇರಿದರು, ತೋಟ ಪಾಳುಬಿತ್ತು. ಒಂದು ಕಾಲಕ್ಕೆ ಗುಡ್ಡದ ತುಂಬ ಇದ್ದ ದ್ರಾಕ್ಷಿ ಈಗ ನೂರು ಹೆಕ್ಟೇರಿನ ಆಸುಪಾಸಿಗೆ ಇಳಿದಿದೆ.

ಇದು ಬರೀ ಬೆಳೆಯ ಲೆಕ್ಕ ಅಲ್ಲ. 2011ರ ಅಕ್ಟೋಬರ್ 25ರಂದು ಕೆಲವೇ ಗಂಟೆಗಳಲ್ಲಿ ಸುರಿದ ಮಳೆಗೆ ಗುಡ್ಡ ಜರಿದು ವೆರ್ನಾತ್ಸಾ, ಮೊಂತೆರೊಸ್ಸೊ ಕೆಸರಿನಲ್ಲಿ ಹೂತವು. ಜೀವಗಳೂ ಹೋದವು. ಅಂಥ ಮಳೆಯನ್ನು ಯಾವ ಗೋಡೆಯೂ ಪೂರ್ತಿ ತಡೆಯಲಾರದು, ನಿಜ. ಆದರೆ ಆಮೇಲೆ ಅಧ್ಯಯನ ಮಾಡಿದವರು ಕಂಡದ್ದು, ಪಾಳುಬಿಟ್ಟ ತಾಕುಗಳಲ್ಲೇ ಮಣ್ಣು ಹೆಚ್ಚು ಜರಿದಿತ್ತು ಎಂದು. ಮಲೆನಾಡಿನ ಮಳೆಗಾಲದ ಸುದ್ದಿ ಓದುವ ನಮಗೆ ಈ ಸಂಕಟ ಹೊಸದಲ್ಲವಲ್ಲ.

"ದ್ರಾಕ್ಷಿಯಿಂದ ಲಾಭ ಉಂಟಾ ಕೇಳು" ಅಂದೆ. ಅಜ್ಜ ತಲೆಯಾಡಿಸಿ ನಕ್ಕರು. ಮಗಳು ಹೇಳಿದಳು: "ಗೋಡೆ ರಿಪೇರಿಗೇ ಎಲ್ಲ ಹೋಗುತ್ತಂತೆ ಅಮ್ಮಾ. ಆದ್ರೆ ವೈನ್ ಮಾರಾಟ ಆಗದಿದ್ರೆ ಗೋಡೆ ಕಟ್ಟೋರು ಯಾರು ಅಂತಾರೆ."

ಅಲ್ಲಿಯವರೆಗೆ ಅಂಗಡಿಯಲ್ಲಿ ಬಾಟಲಿಯ ಬೆಲೆ ನೋಡಿ 'ಅಬ್ಬಬ್ಬಾ' ಅಂದಿದ್ದವಳು ನಾನೇ. ನಾಲ್ಕು ಜನಕ್ಕೆ ಐಸ್‌ಕ್ರೀಂ ಕೊಡಿಸಿ, ಇನ್ನೂರು ಫೋಟೊ ತೆಗೆದು, ಆ ಗುಡ್ಡ ಹಿಡಿದವರಿಗೆ ಒಂದು ಕಾಸೂ ಕೊಡದೆ ಹೊರಟಿದ್ದೆವು. ಅಜ್ಜನ ಮಾತು ಕೇಳಿದ ಮೇಲೆ ಗ್ರೊಪ್ಪೊಗೆ ವಾಪಸ್ ಹೋಗಿ ಎರಡು ಬಾಟಲಿ ಕೊಂಡೆವು. ಒಂದು ಅಳಿಯನಿಗೆ, ಇನ್ನೊಂದು ಅವನ ಗೆಳೆಯರಿಗೆ.

ನಿಮ್ಮ ಮಕ್ಕಳೂ ಯುರೋಪಿನಲ್ಲಿದ್ದು ಆ ಕಡೆ ಹೋಗುವುದಾದರೆ, ಲಾ ಸ್ಪೆತ್ಸಿಯಾದಿಂದ ರೈಲು ಹತ್ತಿ, ಕೆಲವೇ ನಿಮಿಷ. ಗಟ್ಟಿ ಬೂಟು ಹಾಕಿಕೊಳ್ಳಿ. ಫೋಟೊಗಾಗಿ ಕಲ್ಲಿನ ಕಟ್ಟೆ ಮಾತ್ರ ಹತ್ತಬೇಡಿ. ವೈನ್ ಕುಡಿಯುವುದು, ಬಿಡುವುದು ನಿಮಗೆ ಬಿಟ್ಟದ್ದು. ನಾನು ಕುಡಿದದ್ದು ಅರ್ಧ ಗುಟುಕು. ಮನೆಯವರಿಗೆ ಇನ್ನೂ ಹೇಳಿಲ್ಲ, ಇದನ್ನು ಓದಿದರೆ ಗೊತ್ತಾಗುತ್ತದೆ.