ಚಾಡ್ ದೇಶದ ತೈಲ ಆದಾಯ ನಿರ್ವಹಣಾ ಕಾಯ್ದೆ
ಚಾಡ್ ದೇಶದ ತೈಲ ಆದಾಯ ನಿರ್ವಹಣಾ ಕಾಯ್ದೆಯು, ತೈಲದಿಂದ ಬರುವ ಹಣವನ್ನು ಬಡತನ ನಿವಾರಣೆಗೆ ಮೀಸಲಿಡಲು ಆ ಮಧ್ಯ ಆಫ್ರಿಕಾದ ರಾಷ್ಟ್ರವು 1999ರಲ್ಲಿ ರೂಪಿಸಿದ ಕಾನೂನು. ದೋಬಾ ತೈಲಕ್ಷೇತ್ರದಿಂದ ಕ್ಯಾಮರೂನಿನ ಕರಾವಳಿಗೆ ಸುಮಾರು 1,070 ಕಿ.ಮೀ. ಉದ್ದದ ಕೊಳವೆಮಾರ್ಗವನ್ನು ನಿರ್ಮಿಸಲು ನೆರವು ನೀಡಿದ ವಿಶ್ವ ಬ್ಯಾಂಕ್ ಇದನ್ನು ಷರತ್ತಾಗಿ ವಿಧಿಸಿತ್ತು.

ರಾಜಧನ ಮತ್ತು ಲಾಭಾಂಶದ ಶೇ. 10 ಭಾಗವು ಮುಂದಿನ ಪೀಳಿಗೆಗಳ ನಿಧಿಗೆ ಸೇರಬೇಕಿತ್ತು. ಉಳಿದುದರಲ್ಲಿ ಶೇ. 80 ಭಾಗ ಶಿಕ್ಷಣ, ಆರೋಗ್ಯ ಮುಂತಾದ ಆದ್ಯತಾ ಕ್ಷೇತ್ರಗಳಿಗೂ, ಶೇ. 5 ಭಾಗ ತೈಲ ದೊರೆಯುವ ಪ್ರದೇಶಕ್ಕೂ ಮೀಸಲಾಗಿತ್ತು.

ತೈಲ ರಫ್ತು 2003ರಲ್ಲಿ ಆರಂಭವಾಯಿತು. 2006ರಲ್ಲಿ ಸರ್ಕಾರವು ಕಾಯ್ದೆಗೆ ತಿದ್ದುಪಡಿ ತಂದು, ಪೀಳಿಗೆಗಳ ನಿಧಿಯನ್ನು ರದ್ದುಪಡಿಸಿ, ಭದ್ರತಾ ವೆಚ್ಚವನ್ನೂ ಆದ್ಯತೆಗಳ ಪಟ್ಟಿಗೆ ಸೇರಿಸಿತು. 2008ರಲ್ಲಿ ಚಾಡ್ ವಿಶ್ವ ಬ್ಯಾಂಕಿನ ಸಾಲವನ್ನು ಅವಧಿಗೆ ಮೊದಲೇ ತೀರಿಸಿದಾಗ ಒಪ್ಪಂದವು ಕೊನೆಗೊಂಡಿತು. ತೈಲದ ಬೆಲೆ ಏರಿ ಬೊಕ್ಕಸ ತುಂಬಿದೊಡನೆ, ಸಾಲದ ಬಲದಿಂದ ಹೇರಿದ್ದ ಷರತ್ತು ತನ್ನ ಹಿಡಿತವನ್ನು ಕಳೆದುಕೊಂಡಿತ್ತು.