ಪಠ್ಯಸರಣಿಯ ಸುರಕ್ಷಿತ ನಕಲು: ಐದು ಸ್ಥಳನಾಮಗಳ ನಿದರ್ಶನ

ಪ್ರತಿ ಮಾಡುವಾಗ ಲಿಪಿಕಾರನಿಂದ ಸಂಭವಿಸುವ ಅಕ್ಷರಲೋಪವನ್ನು ಗ್ರಂಥಸಂಪಾದನಶಾಸ್ತ್ರವು ವಿವರವಾಗಿ ಚರ್ಚಿಸಿದೆ. ಗಣಕದಲ್ಲಿಯೂ ಇಂಥ ಲೋಪ ಉಂಟು. ಸಿ ಭಾಷೆಯ ನಕಲು ವಿಧಾನದಲ್ಲಿ ಅದು ಹೇಗೆ ಸಂಭವಿಸುತ್ತದೆ ಎಂಬುದನ್ನು ಬೆಳಗಾವಿ ಜಿಲ್ಲೆಯ ಐದು ತಾಲೂಕುಗಳ ಹೆಸರುಗಳ ಮೂಲಕ ಪರಿಶೀಲಿಸಬಹುದು.

ಸಿ ಭಾಷೆಯಲ್ಲಿ ಪಠ್ಯಸರಣಿ ಎಂದರೆ ಬೈಟುಗಳ ಸಾಲು. ಅದರ ಅಂತ್ಯವನ್ನು ಸೂಚಿಸುವುದು ಒಂದು ಶೂನ್ಯ ಬೈಟು. ‘ಸ್ಟ್ರ್‌ಸಿಪಿವೈ’ ಎಂಬ ಆದೇಶವು ಗುರಿಸ್ಥಳದ ಅಳತೆಯನ್ನು ಗಮನಿಸದೆ ಶೂನ್ಯ ಬೈಟು ಸಿಗುವವರೆಗೂ ನಕಲಿಸುತ್ತದೆ. ಸ್ಥಳ ಸಾಲದಿದ್ದರೆ ಪಕ್ಕದ ಮಾಹಿತಿ ಅಳಿಸಿಹೋಗಬಹುದು. ‘ಸ್ಟ್ರ್‌ಎನ್‌ಸಿಪಿವೈ’ ಮಿತಿಯನ್ನು ಪಾಲಿಸುತ್ತದೆಯಾದರೂ, ಮೂಲವು ಆ ಮಿತಿಯೊಳಗೆ ಮುಗಿಯದಿದ್ದರೆ ಶೂನ್ಯ ಬೈಟನ್ನು ಸೇರಿಸುವುದಿಲ್ಲ. ಇವೆರಡಕ್ಕೂ ಪರಿಹಾರವಾಗಿ 1998ರಲ್ಲಿ ಓಪನ್‌ಬಿಎಸ್‌ಡಿ ವ್ಯವಸ್ಥೆಯಲ್ಲಿ ‘ಸ್ಟ್ರ್‌ಎಲ್‌ಸಿಪಿವೈ’ ಬಂದಿತು. ಅದನ್ನು 2023ರಲ್ಲಿ ಜಿಎನ್‌ಯು ಸಿ ಲೈಬ್ರರಿಯೂ 2024ರಲ್ಲಿ ಪೋಸಿಕ್ಸ್ ಮಾನಕವೂ ಅಳವಡಿಸಿಕೊಂಡವು.

ಕನ್ನಡದ ಮಟ್ಟಿಗೆ ಸಮಸ್ಯೆ ಇಲ್ಲಿಗೆ ಮುಗಿಯುವುದಿಲ್ಲ. ಯುಟಿಎಫ್-8 ಕ್ರಮದಲ್ಲಿ ಸ್ವರ, ವ್ಯಂಜನ, ಸ್ವರಚಿಹ್ನೆ, ವಿರಾಮಚಿಹ್ನೆ ಇವುಗಳಲ್ಲಿ ಪ್ರತಿಯೊಂದಕ್ಕೂ 3 ಬೈಟು ಬೇಕು. ‘ಅಥಣಿ’ ಮತ್ತು ‘ಚಿಕ್ಕೋಡಿ’ ಎರಡೂ ಮೂರಕ್ಷರದ ಪದಗಳೇ. ಆದರೆ ಮೊದಲನೆಯದಕ್ಕೆ 12 ಬೈಟು, ಎರಡನೆಯದಕ್ಕೆ 24. ‘ನಿಪ್ಪಾಣಿ’ಗೆ 24, ‘ರಾಯಬಾಗ’ ಮತ್ತು ‘ಕಾಗವಾಡ’ಗಳಿಗೆ ತಲಾ 18. ಓಕಾರದ ಚಿಹ್ನೆಯನ್ನು ಮೂರು ಭಾಗಗಳಾಗಿ ಬಿಡಿಸಿ ಸಂಗ್ರಹಿಸಿದ್ದರೆ ‘ಚಿಕ್ಕೋಡಿ’ 30 ಬೈಟುಗಳಾಗುತ್ತದೆ; ತೆರೆಯ ಮೇಲೆ ಮಾತ್ರ ವ್ಯತ್ಯಾಸ ಕಾಣದು.

ಈ ಐದನ್ನೂ 16 ಬೈಟುಗಳ ಸ್ಥಳಕ್ಕೆ ‘ಸ್ಟ್ರ್‌ಎಲ್‌ಸಿಪಿವೈ’ಯಿಂದ ನಕಲಿಸಿದರೆ ಶೂನ್ಯ ಬೈಟನ್ನು ಬಿಟ್ಟು ಉಳಿಯುವುದು 15. ಅಥಣಿಯೊಂದೇ ಪೂರ್ಣವಾಗಿ ಉಳಿಯುತ್ತದೆ. ಉಳಿದವು ನಿಪ್ಪ, ರಾಯಬಾ, ಕಾಗವಾ, ಚಿಕ್ಕ ಎಂದಾಗುತ್ತವೆ. ಇವುಗಳಲ್ಲಿ ಕೊನೆಯದು ಹೆಚ್ಚು ಅಪಾಯಕಾರಿ. ‘ಕಾಗವಾ’ ಎಂಬುದನ್ನು ಕಂಡೊಡನೆ ಲೋಪ ತಿಳಿಯುತ್ತದೆ. ‘ಚಿಕ್ಕ’ ಎಂಬುದು ಅರ್ಥವುಳ್ಳ ಪದವಾದುದರಿಂದ ಶುದ್ಧಪಾಠವೆಂದೇ ತೋರುತ್ತದೆ. ಸ್ಮೃತಿಗೆ ಧಕ್ಕೆಯಾಗಿಲ್ಲ, ಆದರೆ ಪಾಠ ಕೆಟ್ಟಿದೆ.

‘ಸ್ಟ್ರ್‌ಎಲ್‌ಸಿಪಿವೈ’ ಮೂಲದ ಪೂರ್ಣ ಉದ್ದವನ್ನು ಹಿಂದಿರುಗಿಸುತ್ತದೆ. ಅದು ಸ್ಥಳದ ಅಳತೆಗೆ ಸಮನಾಗಿದ್ದರೆ ಅಥವಾ ಮೀರಿದ್ದರೆ ಲೋಪವಾಗಿದೆ ಎಂದೇ ಅರ್ಥ. ಆಗ ಹೆಚ್ಚಿನ ಸ್ಥಳ ಒದಗಿಸಿ ಮತ್ತೆ ನಕಲಿಸಬೇಕು. ಕತ್ತರಿಸುವುದು ಅನಿವಾರ್ಯವಾದರೆ ಒತ್ತು, ಸ್ವರಚಿಹ್ನೆಗಳನ್ನೊಳಗೊಂಡ ಪೂರ್ಣಾಕ್ಷರದ ಗಡಿಯಲ್ಲಿಯೇ ಕತ್ತರಿಸಿ, ಲೋಪಚಿಹ್ನೆಯನ್ನು ಸೇರಿಸುವುದು ಉಚಿತ. ಸ್ಥಳನಾಮಕೋಶ, ನಿಘಂಟು, ಶಾಸನಪಾಠಗಳ ದತ್ತಸಂಚಯಗಳನ್ನು ರೂಪಿಸುವಾಗ ಕನ್ನಡ ವಿದ್ವಾಂಸರು ತಂತ್ರಜ್ಞರಿಗೆ ಮೊದಲು ತಿಳಿಸಬೇಕಾದ ಅಂಶವಿದು: ಬೈಟಿನ ಲೆಕ್ಕವೇ ಬೇರೆ, ಅಕ್ಷರದ ಲೆಕ್ಕವೇ ಬೇರೆ.